ದಿಂಬಂ ಘಾಟಿಯೂ ಲೇಸರ್ ಕಣ್ಣೂ

ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದ್ದರೂ ತಾಳವಾಡಿ ಕನ್ನಡದ ಸೀಮೆ. ವರನಟ ಡಾ. ರಾಜಕುಮಾರ್ ಅವರ ಗಾಜನೂರು ಇರುವುದು ಇಲ್ಲಿಯೇ. ಈ ಬೆಟ್ಟದ ಮೇಲಿನವರು ಸತ್ಯಮಂಗಲ, ಈರೋಡುಗಳ ಕಡೆಗೆ ಹೋಗಲು ಮುಖ್ಯ ದಾರಿಯೆಂದರೆ ದಿಂಬಂ ಘಾಟಿ. 27 ಹೇರ್‌ಪಿನ್ ತಿರುವುಗಳು. ಸುತ್ತಲೂ 2013ರಲ್ಲಿ ಹುಲಿ ರಕ್ಷಿತಾರಣ್ಯವೆಂದು ಘೋಷಿತವಾದ ಕಾಡು. ವಾಹನಗಳಿಗೆ ಸಿಕ್ಕಿ ವನ್ಯಪ್ರಾಣಿಗಳು ಸಾಯುತ್ತಿದ್ದುದರಿಂದ 2022ರ ಫೆಬ್ರವರಿಯಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂತು. ತರಕಾರಿ ಬೆಳೆದು ಪೇಟೆಗೆ ಸಾಗಿಸುವ ರೈತನಿಗೆ ಇದರ ಬಿಸಿ ತಟ್ಟದೆ ಇರಲಿಲ್ಲ.

ಹಾಗಾದರೆ ಕತ್ತಲೆಯಲ್ಲೂ ಎದುರಿಗಿರುವ ಆನೆಯನ್ನೋ ಲಾರಿಯನ್ನೋ ಕಂಡು ಚಾಲಕನನ್ನು ಎಚ್ಚರಿಸುವ ಯಂತ್ರವೊಂದು ವಾಹನದಲ್ಲೇ ಇದ್ದರೆ? ಅಂಥ ಯಂತ್ರ ಇದೆ. ಅದರ ಹೆಸರು ಲೈಡಾರ್. ಆದರೆ ಇಂಥ ರಸ್ತೆಗೆ ಅದನ್ನು ನಂಬಿ ಇಳಿಸುವ ಮುನ್ನ ಎರಡು ಪ್ರಶ್ನೆಗಳಿಗೆ ಉತ್ತರ ಬೇಕು. ಅದು ಬೇರೆ ವಾಹನದ ಕಿರಣವನ್ನು ತನ್ನದೆಂದು ತಿಳಿದು ಮೋಸಹೋಗದೇ? ಅದರ ಕಿರಣ ದಾರಿಹೋಕರ ಕಣ್ಣನ್ನು ಕೆಡಿಸದೇ?

ಲೈಡಾರಿನ ಕೆಲಸ ಬಾವಲಿಯ ಕೆಲಸದಂತೆಯೇ. ಬಾವಲಿ ಕೂಗಿ, ಪ್ರತಿಧ್ವನಿ ಕೇಳಿ ದೂರವನ್ನು ಅರಿಯುತ್ತದೆ. ಲೈಡಾರ್ ಕೂಗಿನ ಬದಲು ಕಣ್ಣಿಗೆ ಕಾಣದ ಲೇಸರ್ ಬೆಳಕಿನ ಮಿಡಿತವನ್ನು ಕಳುಹಿಸಿ, ಅದು ತಾಗಿ ಮರಳುವ ಸಮಯವನ್ನು ಅಳೆಯುತ್ತದೆ. ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು. 60 ಮೀಟರ್ ದೂರದ ಆನೆಗೆ ತಾಗಿ ಬರಲು ಅದಕ್ಕೆ ಬೇಕಾಗುವುದು 400 ನ್ಯಾನೋ ಸೆಕೆಂಡು ಮಾತ್ರ. ಒಂದು ನ್ಯಾನೋ ಸೆಕೆಂಡೆಂದರೆ ಸೆಕೆಂಡಿನ ನೂರು ಕೋಟಿಯ ಒಂದು ಪಾಲು.

ಈ ವಿದ್ಯೆ ನಮಗೆ ಹೊಸತಲ್ಲ. 2008ರಲ್ಲಿ ಹಾರಿದ ಚಂದ್ರಯಾನ-1ರಿಂದ ಚಂದ್ರನ ನೆಲದ ಏರುತಗ್ಗುಗಳನ್ನು ಅಳೆದ ಲೇಸರ್ ಉಪಕರಣವು ಸಿದ್ಧವಾದುದು ಬೆಂಗಳೂರಿನ ಇಸ್ರೋ ಪ್ರಯೋಗಾಲಯದಲ್ಲಿ. ಆದರೆ ಅಲ್ಲಿ ಎದುರಿನಿಂದ ಬರುವ ಲಾರಿಯೂ ಇರಲಿಲ್ಲ, ದಾರಿಯ ಬದಿಯಲ್ಲಿ ನಿಂತು ನೋಡುವ ಕಣ್ಣೂ ಇರಲಿಲ್ಲ. ರಸ್ತೆಯ ಕಥೆ ಬೇರೆ.

ಮೊದಲು ಗೊಂದಲದ ವಿಷಯ. ನಮ್ಮ ವಾಹನ ಮಿಡಿತ ಕಳುಹಿಸಿದ 100 ನ್ಯಾನೋ ಸೆಕೆಂಡಿಗೆ ಎದುರು ವಾಹನದ ಮಿಡಿತವೊಂದು ಒಳಹೊಕ್ಕಿತೆನ್ನಿ. ಯಂತ್ರವು ಅದನ್ನು ತನ್ನದೇ ಪ್ರತಿಫಲನವೆಂದು ಎಣಿಸಿ, ‘15 ಮೀಟರಿನಲ್ಲಿ ಏನೋ ಇದೆ’ ಎನ್ನುತ್ತದೆ. ಇಲ್ಲದ ವಸ್ತುವಿಗೆ ತಾನಾಗಿ ಬ್ರೇಕ್ ಬಿದ್ದರೆ, ಇಳಿಜಾರಿನಲ್ಲಿ ಹಿಂದಿನಿಂದ ಬರುವ ಲಾರಿಯ ಗತಿಯೇನು?

ಇದಕ್ಕೆ ಹಲವು ಉಪಾಯಗಳಿವೆ. ಮಿಡಿತಗಳ ನಡುವಿನ ಅಂತರವನ್ನು ಬೇಕೆಂದೇ ಏರುಪೇರಾಗಿಸುವುದು ಒಂದು. ಆಗ ನಿಜವಾದ ವಸ್ತು ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ದೂರದಲ್ಲಿ ಕಾಣುತ್ತದೆ. ಪರರ ಕಿರಣ ಅತ್ತಿತ್ತ ಚದರುತ್ತದೆ, ಯಂತ್ರ ಅದನ್ನು ಕೈಬಿಡುತ್ತದೆ. ಮಿಡಿತಗಳಿಗೆ ಗುಪ್ತ ಸಂಕೇತ ಕೊಡುವುದು ಎರಡನೆಯದು. ತನ್ನ ತರಂಗಾಂತರವನ್ನುಳಿದು ಮಿಕ್ಕ ಬೆಳಕನ್ನು ತಡೆಯುವ ಸೋಸುಗಾಜು ಮೂರನೆಯದು. ನಾಲ್ಕನೆಯ ವಿಧಾನದಲ್ಲಿ ಮಿಡಿತವೇ ಇಲ್ಲ. ಆವರ್ತನವನ್ನು ಏರಿಸುತ್ತ ಇಳಿಸುತ್ತ ಬೆಳಕನ್ನು ಎಡೆಬಿಡದೆ ಹರಿಸಿ, ಮರಳಿದ ಬೆಳಕನ್ನು ಸ್ವಂತ ಬೆಳಕಿನೊಡನೆ ಬೆರೆಸಿ ನೋಡುವುದು. ಪರರ ಬೆಳಕು ಈ ತಾಳಕ್ಕೆ ಸೇರುವುದು ಬಹು ಅಪರೂಪ. ಎದುರಿನ ವಸ್ತು ಬರುತ್ತಿರುವ ವೇಗವೂ ಇದರಿಂದ ಕೂಡಲೇ ತಿಳಿಯುತ್ತದೆ. ಬಾವಲಿಗಳೂ ಗುಂಪಿನಲ್ಲಿ ಹಾರುವಾಗ ಕೆಲವೊಮ್ಮೆ ತಮ್ಮ ಕೂಗಿನ ಸ್ವರವನ್ನು ಬದಲಿಸಿಕೊಳ್ಳುತ್ತವೆ ಎಂಬುದು ಇಲ್ಲಿ ನೆನೆಯತಕ್ಕ ಮಾತು.

ಇನ್ನು ಕಣ್ಣಿನ ವಿಷಯ. ವಾಹನಗಳ ಲೈಡಾರಿನಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು 905 ನ್ಯಾನೋ ಮೀಟರ್ ತರಂಗಾಂತರ. ಇದು ಕಾಣದ ಬೆಳಕಾದ್ದರಿಂದ ಕಣ್ಣು ತಾನಾಗಿ ಮುಚ್ಚಿಕೊಳ್ಳದು. ಆದರೂ ಒಳಗಿನ ಅಕ್ಷಿಪಟಲದವರೆಗೆ ಅದು ತಲಪುತ್ತದೆ. ಆದುದರಿಂದ ಅದರ ಶಕ್ತಿಗೆ ಕಟ್ಟುನಿಟ್ಟಿನ ಮಿತಿಯುಂಟು. ಸಾಮಾನ್ಯ ಬಳಕೆಯಲ್ಲಿ ಅಪಾಯವಿಲ್ಲದ ಲೇಸರನ್ನು ಅಂತಾರಾಷ್ಟ್ರೀಯ ಮಾನದಂಡವು ಒಂದನೆಯ ವರ್ಗವೆಂದು ಕರೆಯುತ್ತದೆ. ರಸ್ತೆಯ ಲೈಡಾರ್ ಈ ವರ್ಗಕ್ಕೆ ಸೇರಿರಬೇಕು. 1550 ನ್ಯಾನೋ ಮೀಟರಿನ ಬೆಳಕನ್ನು ಕಣ್ಣಿನ ಮುಂಭಾಗವೇ ಹೀರಿಕೊಳ್ಳುವುದರಿಂದ ಅಲ್ಲಿ ಹೆಚ್ಚು ಶಕ್ತಿಗೆ ಅವಕಾಶವಿದೆ, ಹೆಚ್ಚು ದೂರವೂ ಕಾಣುತ್ತದೆ. ಆದರೆ ನೀರೂ ಅದನ್ನು ಹೆಚ್ಚು ಹೀರುತ್ತದೆ. ಕ್ಯಾಮೆರಾಗಳ ಪಾಲಿಗೂ ಅದು ಪೂರ್ಣ ನಿರಪಾಯವಲ್ಲ: 2019ರಲ್ಲಿ ಅಮೆರಿಕದ ಲಾಸ್ ವೇಗಸ್ ಪ್ರದರ್ಶನದಲ್ಲಿ ಇಂಥ ಲೈಡಾರಿನ ಚಿತ್ರ ತೆಗೆದವರೊಬ್ಬರ ಕ್ಯಾಮೆರಾ ಕೆಟ್ಟದ್ದು ದೊಡ್ಡ ಸುದ್ದಿಯಾಗಿತ್ತು.

ಕಿರಣವು ಒಂದೆಡೆ ನಿಲ್ಲದೆ ವೇಗವಾಗಿ ಸುತ್ತುತ್ತಿರುವುದೂ ಕಣ್ಣಿಗೊಂದು ರಕ್ಷಣೆ. ಸುತ್ತುವ ಭಾಗ ಸಿಕ್ಕಿಕೊಂಡರೆ ಲೇಸರ್ ಕೂಡಲೇ ಆರಬೇಕು. ಯಾರಾದರೂ ತೀರ ಹತ್ತಿರ ಬಂದರೆ ಶಕ್ತಿ ತಾನಾಗಿ ತಗ್ಗಬೇಕು. ಇದೊಂದು ಕೊಡುಕೊಳ್ಳುವ ಲೆಕ್ಕ: ಶಕ್ತಿ ತಗ್ಗಿಸಿದಷ್ಟು ನೋಟದ ದೂರವೂ ತಗ್ಗುತ್ತದೆ.

ಇಷ್ಟಾದರೂ ದಿಂಬಂನಲ್ಲಿ ಲೈಡಾರ್ ಪವಾಡ ಮಾಡಲಾರದು. ಬೆಳಕು ನೇರ ಹೋಗುವುದೇ ಹೊರತು ತಿರುವಿನಾಚೆಗೆ ಬಗ್ಗದು. ಮಂಜಿನ ಹನಿಗಳೂ ಬೆಳಕನ್ನು ಹಿಂದಕ್ಕೆ ಎಸೆಯುತ್ತವೆ. ದಟ್ಟ ಮಂಜಿನಲ್ಲಿ ಅದಕ್ಕೆ ರೇಡಾರಿನ ಜೊತೆ ಬೇಕು. ನಮ್ಮ ದೇಶದ ಕಾರುಗಳ ಎಚ್ಚರಿಕೆ ವ್ಯವಸ್ಥೆಗಳು ಇಂದಿಗೂ ಹೆಚ್ಚಾಗಿ ಕ್ಯಾಮೆರಾ ಮತ್ತು ರೇಡಾರನ್ನೇ ಅವಲಂಬಿಸಿವೆ. ತಾಳವಾಡಿಯ ತರಕಾರಿ ಲಾರಿಗೆ ಲೈಡಾರ್ ಬರಲು ಬೆಲೆ ಇನ್ನಷ್ಟು ಇಳಿಯಬೇಕು.

ಬರುವ ದಿನ ಕೇಳಬೇಕಾದ ಪ್ರಶ್ನೆ ‘ಎಷ್ಟು ದೂರ ಕಾಣುತ್ತದೆ?’ ಎಂಬುದೊಂದೇ ಅಲ್ಲ. ತನ್ನ ಬೆಳಕನ್ನು ಗುರುತಿಸಬಲ್ಲದೇ, ಪರರ ಕಣ್ಣನ್ನು ಕಾಯಬಲ್ಲದೇ ಎಂದೂ ಕೇಳಬೇಕು. ಅಲ್ಲಿಯವರೆಗೆ, ಅದು ಬಂದ ಮೇಲೂ, ತಿರುವಿನಲ್ಲಿ ಹಾರ್ನ್, ಇಳಿಜಾರಿನಲ್ಲಿ ಕೆಳಗಿನ ಗೇರು, ಏರುವ ವಾಹನಕ್ಕೆ ದಾರಿ ಎಂಬ ಹಳೆಯ ಚಾಲಕರ ಪಾಠವನ್ನು ಯಾರೂ ಮರೆಯುವಂತಿಲ್ಲ.