ಮನಸ್ಸಿನ ಒತ್ತಡಕ್ಕೆ ಮೂಲವಾವುದು?

ಇಳಕಲ್ಲಿನ ಕುಣಿಮಗ್ಗದಲ್ಲಿ ಕುಳಿತ ನೇಕಾರನು ಹಾಸಿನ ಎಳೆಗಳನ್ನು ಹದವರಿತು ಬಿಗಿಯುತ್ತಾನೆ. ಸಡಿಲವಾದರೆ ನೇಯ್ಗೆ ಕೂಡದು. ಅತಿಯಾಗಿ ಬಿಗಿದರೆ ಎಳೆ ಹರಿಯುತ್ತದೆ. ಮನಸ್ಸಿಗೂ ಅಷ್ಟಿಷ್ಟು ಬಿಗಿ ಬೇಕು. ಪರೀಕ್ಷೆಯ ಮುನ್ನಾದಿನದ ಕಳವಳವೇ ಎಷ್ಟೋ ಹುಡುಗರನ್ನು ಪುಸ್ತಕದ ಮುಂದೆ ಕೂರಿಸುತ್ತದೆ. ಹಾಗಾದರೆ ಒತ್ತಡವು ಕೇಡಾಗಿ ಪರಿಣಮಿಸುವುದು ಯಾವಾಗ?

ಚಳಿ, ಗಾಯ, ಅತಿಶ್ರಮ ಮೊದಲಾದ ಬೇರೆಬೇರೆ ಪೀಡೆಗಳಿಗೆ ದೇಹವು ಬಹುಮಟ್ಟಿಗೆ ಒಂದೇ ರೀತಿಯಲ್ಲಿ ಪ್ರತಿಕ್ರಿಯಿಸುವುದೆಂದು ವಿಜ್ಞಾನಿ ಹ್ಯಾನ್ಸ್ ಸೆಲ್ಯೆ 1936ರಲ್ಲಿ ಇಲಿಗಳ ಮೇಲಿನ ಪ್ರಯೋಗಗಳಿಂದ ತೋರಿಸಿದರು. ಅಂಥ ವೇಳೆಯಲ್ಲಿ ಅಡ್ರಿನಲ್ ಗ್ರಂಥಿಗಳ ಸ್ರಾವದಿಂದ ಎದೆಬಡಿತವೂ ರಕ್ತದ ಸಕ್ಕರೆಯೂ ಏರುತ್ತವೆ. ಗಳಿಗೆಯ ಅಪಾಯಕ್ಕೆ ಇದು ರಕ್ಷೆ. ತಿಂಗಳುಗಟ್ಟಲೆ ನಡೆದರೆ ನಿದ್ರೆಗೂ ಆರೋಗ್ಯಕ್ಕೂ ಹಾನಿ.

1970ರ ಸುಮಾರಿಗೆ ಅಮೆರಿಕದ ಜೇ ವೈಸ್ ಎಂಬ ಸಂಶೋಧಕರು ಇಲಿಗಳಿಗೆ ಸಮಪ್ರಮಾಣದ ವಿದ್ಯುದಾಘಾತ ಕೊಟ್ಟು ನೋಡಿದರು. ಆಘಾತಕ್ಕೆ ಮುಂಚೆ ಸೂಚನೆಯ ಸದ್ದು ಕೇಳಿದ ಇಲಿಗಳಿಗಿಂತ, ಸೂಚನೆಯೇ ಇಲ್ಲದ ಇಲಿಗಳ ಜಠರದಲ್ಲಿ ಹುಣ್ಣು ಬಹಳ ಹೆಚ್ಚಾಗಿತ್ತು. ಪೆಟ್ಟಿಗಿಂತಲೂ, ಅದು ಯಾವಾಗ ಬೀಳುವುದೋ ಎಂಬ ಅನಿಶ್ಚಯವೇ ಅವುಗಳನ್ನು ಹೆಚ್ಚು ಬಾಧಿಸಿತು.

ಈ ಸತ್ಯವನ್ನು ಬಾಗಲಕೋಟೆಯ ಜನರು ಪ್ರಯೋಗಶಾಲೆಯ ನೆರವಿಲ್ಲದೆಯೇ ಬಲ್ಲರು. ಆಲಮಟ್ಟಿ ಜಲಾಶಯದ ಹಿನ್ನೀರು ಹಳೆಯ ಪಟ್ಟಣವನ್ನು ಆವರಿಸತೊಡಗಿದಾಗ ಅನೇಕ ಕುಟುಂಬಗಳು ನವನಗರಕ್ಕೆ ಬಂದು ನೆಲೆಸಿದವು. ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು 2010ರಲ್ಲಿ ಕೃಷ್ಣಾ ಜಲವಿವಾದ ನ್ಯಾಯಮಂಡಳಿಯು ಅನುಮತಿಯಿತ್ತಿತು. ಆ ಬಳಿಕ ನದೀತೀರದ ಊರುಗಳ ಎಷ್ಟೋ ವರ್ಷಗಳು ಕಾಯುವುದರಲ್ಲಿಯೇ ಸಂದಿವೆ. ಸೋರುವ ಮಾಳಿಗೆಯನ್ನು ದುರಸ್ತಿ ಮಾಡಿಸಬೇಕೆ, ಬೇಡವೆ? ಹೊಲದಲ್ಲಿ ಬಾವಿ ತೋಡಿಸಿದರೆ ಅದು ಉಳಿದೀತೆ? ಉತ್ತರವು ಮನೆಯ ಯಜಮಾನನ ಕೈಯಲ್ಲಿಲ್ಲ.

ಹಿಂಗಾರಿ ಜೋಳಕ್ಕಾಗಿ ಮುಗಿಲು ನೋಡುವ ಹುನಗುಂದದ ಎರೆಹೊಲದ ರೈತನ ಪಾಡೂ ಇದೇ. ಹಾಸಿನ ಬಿಗಿಯು ನೇಕಾರನ ಕೈಯಲ್ಲಿದೆ. ರೇಷ್ಮೆಯ ಬೆಲೆಯಾಗಲಿ ವಿದ್ಯುತ್ ಮಗ್ಗದ ಪೈಪೋಟಿಯಾಗಲಿ ಅವನ ಕೈಯಲ್ಲಿಲ್ಲ. ಪಟ್ಟಣದ ಸಂಸಾರಕ್ಕೆ ವರ್ಗಾವಣೆಯ ಆಜ್ಞೆ, ತಡವಾಗುವ ಸಂಬಳ, ಕತ್ತಲಾದರೂ ಮನೆ ಸೇರದ ಮಗ. ರೂಪ ಬೇರೆ, ಬೇರು ಒಂದೇ.

ಅನಿಶ್ಚಯವನ್ನು ಬದುಕಿನಿಂದ ತೊಡೆದುಹಾಕುವುದು ಅಸಾಧ್ಯ. ಕೈಯಲ್ಲಿರುವ ಕೆಲಸವನ್ನು ಮಾಡಿ ಮುಗಿಸುವುದು, ಕೈಮೀರಿದ ಚಿಂತೆಯನ್ನು ಮನೆಯವರೊಡನೆ ಹಂಚಿಕೊಳ್ಳುವುದು, ವಾರಗಟ್ಟಲೆ ನಿದ್ರೆ ಬಾರದಿದ್ದರೆ ವೈದ್ಯರನ್ನು ಕಾಣುವುದು, ಇವು ಸಾಧ್ಯ. ಆದರೆ ಎಲ್ಲ ಹೊಣೆಯೂ ಕಾಯುವವನದಲ್ಲ, ಕಾಯಿಸುವವನದೂ ಉಂಟು. ಕಚೇರಿಯು ತಿಳಿಸುವ ಒಂದು ನಿಶ್ಚಿತ ದಿನಾಂಕ, ತಡವಾಗುವುದೆಂದು ಮಗ ಮೊದಲೇ ಆಡಿದ ಒಂದು ಮಾತು, ಕಾಸು ಖರ್ಚಿಲ್ಲದ ಔಷಧಗಳಿವು. ಕೊಡಬಲ್ಲವರು ತಡಮಾಡಬಾರದು.