ಒದ್ದೆ ಟಾರ್ಪಾಲು ಮಡಚಿಟ್ಟರೆ

ಬೆಂಗಳೂರಿನಲ್ಲಿ ದಟ್ಟಣೆಯ ಹೊತ್ತು ಭಾರೀ ಸರಕು ವಾಹನಗಳಿಗೆ ನಿರ್ಬಂಧ. ಹಾಗಾಗಿ ದೊಮ್ಮಲೂರು, ಇಂದಿರಾನಗರದ ಕಟ್ಟಡ ಕೆಲಸಗಳಿಗೆ ಜಲ್ಲಿ, ಎಂ-ಸ್ಯಾಂಡ್, ಸಿಮೆಂಟು ಹೆಚ್ಚಾಗಿ ಬರುವುದು ರಾತ್ರಿಯೇ. ಲೋಡು ಇಳಿದು ಬೆಳಗಾಗುವುದರೊಳಗೆ ಕೆ.ಆರ್. ಪುರ ದಾಟಿಬಿಡಬೇಕೆಂಬ ಆತುರದಲ್ಲಿ ಕ್ಲೀನರ್ ಟಾರ್ಪಾಲನ್ನು ಸಿಕ್ಕಹಾಗೆ ಮುದುರಿ ಕ್ಯಾಬಿನ್ನಿನ ಮೇಲಕ್ಕೆ ಎಸೆಯುತ್ತಾನೆ. ಸಂಜೆ ಮಳೆ ಬಂದಿದ್ದರೆ ಅದು ಒದ್ದೆಯಾಗಿಯೇ ಮುದುರಿ ಕೂರುತ್ತದೆ. ಬಿಸಿಲು, ಗಾಳಿ, ಹಗ್ಗದ ಎಳೆತ ಎಲ್ಲವನ್ನೂ ತಡೆದುಕೊಂಡ ಟಾರ್ಪಾಲು ಕೆಡಲು ಶುರುವಾಗುವುದು ಹೀಗೆ ಕೆಲಸವಿಲ್ಲದೆ ಬಿದ್ದಿರುವಾಗ.

ಲಾರಿಗಳಲ್ಲಿ ಮುಖ್ಯವಾಗಿ ಮೂರು ಜಾತಿಯ ಟಾರ್ಪಾಲು ಕಾಣುತ್ತವೆ: ಮೇಣ ಹಿಡಿಸಿದ ಹತ್ತಿಯ ಕ್ಯಾನ್ವಾಸು, ನೇಯ್ದ ಪ್ಲಾಸ್ಟಿಕ್ಕಿನ ಎಚ್.ಡಿ.ಪಿ.ಇ. ಹೊದಿಕೆ, ಪಾಲಿಯೆಸ್ಟರ್ ಬಟ್ಟೆಗೆ ಪಿ.ವಿ.ಸಿ. ಲೇಪಿಸಿದ ದಪ್ಪ ಹಾಳೆ. ಒಂದಕ್ಕೆ ಒಳ್ಳೆಯದಾದ ಉಪಚಾರ ಇನ್ನೊಂದನ್ನು ಕೆಡಿಸುತ್ತದೆ.

ಅತಿ ಹೆಚ್ಚು ಆರೈಕೆ ಕೇಳುವುದು ಹತ್ತಿಯದೇ. ಹತ್ತಿ ಎಂದರೆ ಸೆಲ್ಯುಲೋಸ್, ಅದು ಶಿಲೀಂಧ್ರಗಳಿಗೆ ಆಹಾರ. ಒದ್ದೆ ಬಟ್ಟೆಯನ್ನು ಗಾಳಿಯಾಡದಂತೆ ಮಡಚಿಟ್ಟರೆ ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿಯುತ್ತದೆ. ಕಪ್ಪು ಚುಕ್ಕೆ ಕಣ್ಣಿಗೆ ಬೀಳುವ ಹೊತ್ತಿಗೆ ಒಳಗಿನ ನೂಲನ್ನು ಶಿಲೀಂಧ್ರ ತಿನ್ನತೊಡಗಿರುತ್ತದೆ. ಆಮೇಲೆ ಎಷ್ಟು ತಿಕ್ಕಿದರೂ ಕಲೆ ಮಾಸೀತೇ ಹೊರತು ಹೋದ ಬಲ ಮರಳದು.

ಯಾವ ದೇಶದ ಸೇನೆಗೇ ಆದರೂ ಕ್ಯಾನ್ವಾಸಿನ ಬೂಷ್ಟು ಹಳೆಯ ತಲೆನೋವು. ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ದ್ವೀಪಗಳಿಗೆ ಹೋದ ಅಮೆರಿಕದ ಪಡೆಗಳ ಡೇರೆಗಳು ಕೊಳೆತು ಹರಿಯತೊಡಗಿದಾಗ ಕಾರಣ ಹುಡುಕಲು ವಿಜ್ಞಾನಿಗಳನ್ನೇ ಕೂರಿಸಬೇಕಾಯಿತು. ಸೊಲೊಮನ್ ದ್ವೀಪಗಳ ಡೇರೆ ಬಟ್ಟೆಯಿಂದ ಬೇರ್ಪಡಿಸಿದ ಒಂದು ಶಿಲೀಂಧ್ರಕ್ಕೆ, ಅದನ್ನು ಅಧ್ಯಯನ ಮಾಡಿದ ಎಲ್ವಿನ್ ರೀಸ್ ಅವರ ಗೌರವಾರ್ಥ, ಮುಂದೆ ಟ್ರೈಕೋಡರ್ಮಾ ರೀಸಿ ಎಂದು ಹೆಸರಾಯಿತು. ಶುಂಠಿ ಬೆಳೆಗಾರರು ಕೊಳೆರೋಗಕ್ಕೆಂದು ಮಣ್ಣಿಗೆ ಹಾಕುವ ಟ್ರೈಕೋಡರ್ಮಾದ ದಾಯಾದಿಯೇ ಇದು. ತಮಾಷೆಯೆಂದರೆ, ಅಂದು ಡೇರೆ ತಿಂದ ಅದರ ಕಿಣ್ವಗಳನ್ನು ಇಂದು ಕಾರ್ಖಾನೆಗಳಲ್ಲಿ ತಯಾರಿಸಿ ಜೀನ್ಸ್ ಬಟ್ಟೆ ಮೆದುಗೊಳಿಸಲು ಬಳಸುತ್ತಾರೆ.

ಹಾಗಾದರೆ ತೊಳೆಯುವುದು ಹೇಗೆ? ಮೊದಲು ನೀರು ಮುಟ್ಟಿಸಲೇಬಾರದು. ಸಿಮೆಂಟಿನ ಪುಡಿ ಕೂತ ಟಾರ್ಪಾಲಿಗೆ ನೇರವಾಗಿ ಪೈಪು ಹಿಡಿದರೆ ಪುಡಿ ಅಲ್ಲೇ ಗಟ್ಟಿಯಾಗಿ, ಮಡಚಿದ ಕಡೆಯೆಲ್ಲ ಬಟ್ಟೆಯನ್ನು ಸೀಳುತ್ತದೆ. ಒಣಗಿದ್ದಾಗಲೇ ಕೊಡವಿ, ಪೊರಕೆಯಲ್ಲಿ ಗುಡಿಸಬೇಕು. ಆಮೇಲೆ ತಣ್ಣೀರು, ಮೆತ್ತನೆಯ ಬ್ರಷ್ಷು. ಮೇಣದ ಕ್ಯಾನ್ವಾಸಿಗೆ ಸೋಪಿನ ಪುಡಿ ಹಾಕಿದರೆ ಕೊಳೆಯ ಜೊತೆ ನೀರು ತಡೆಯುವ ಲೇಪವೂ ಹೋಗುತ್ತದೆ. ಬ್ಲೀಚಿಂಗ್ ಪುಡಿಯಂತೂ ನೂಲನ್ನೇ ಸಾಯಿಸುತ್ತದೆ.

ಪಿ.ವಿ.ಸಿ. ಹಾಳೆಗೆ ಸೌಮ್ಯ ಸೋಪು ನಡೆಯುತ್ತದೆ. ಅಲ್ಲಿನ ತಪ್ಪು ಬೇರೆ: ಗ್ರೀಸಿನ ಕಲೆ ತೆಗೆಯಲು ಪೆಟ್ರೋಲು, ಥಿನ್ನರ್ ಹಚ್ಚುವುದು. ಹಾಳೆಯನ್ನು ಮೆತ್ತಗಿಡಲೆಂದು ಬೆರೆಸಿದ ಎಣ್ಣೆಯಂಥ ವಸ್ತುವನ್ನು ಅವು ಹೀರಿ ತೆಗೆಯುತ್ತವೆ. ಕಲೆ ಹೋಗುತ್ತದೆ, ಹಾಳೆ ಹಪ್ಪಳದಂತೆ ಗರಿಗರಿಯಾಗುತ್ತದೆ.

ಎಚ್.ಡಿ.ಪಿ.ಇ.ಗೆ ನೀರಿನ ಭಯವಿಲ್ಲ, ಬಿಸಿಲಿನ ಭಯ. ರೈತ ಸಂಪರ್ಕ ಕೇಂದ್ರಗಳಲ್ಲಿ ಸಹಾಯಧನದಲ್ಲಿ ಸಿಗುವ ಟಾರ್ಪಾಲೂ ಇದೇ ಜಾತಿಯದು. ಕೆಲಸ ಮುಗಿದ ಮೇಲೂ ಅಂಗಳದಲ್ಲೇ ಬಿಟ್ಟರೆ ನೇಸರಿನ ನೇರಳಾತೀತ ಕಿರಣಕ್ಕೆ ಪುಡಿಪುಡಿಯಾಗಿ ಉದುರುತ್ತದೆ.

ಒಣಗಿಸುವುದೇ ಬೆಂಗಳೂರಿನಲ್ಲಿ ಕಷ್ಟ. ಇಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಅದೂ ಹೆಚ್ಚಾಗಿ ಸಂಜೆ. ಬೆಳಗಿನ ಬಿಸಿಲಿನಲ್ಲೇ ಎರಡೂ ಬದಿ ಹರವಿ, ಅಂಚಿನ ದಪ್ಪ ಹೊಲಿಗೆ ಮತ್ತು ಹಗ್ಗ ಪೋಣಿಸುವ ರಿಂಗುಗಳ ಸುತ್ತಲನ್ನು ಕೈಯಿಂದ ಮುಟ್ಟಿ ನೋಡಬೇಕು. ನಡುವೆ ಗರಿಗರಿಯಾಗಿ ಒಣಗಿದ್ದರೂ ಅಲ್ಲಿ ತೇವ ಉಳಿದಿರುತ್ತದೆ, ಬೂಷ್ಟು ಹತ್ತುವುದೂ ಅಲ್ಲಿಂದಲೇ.

ಇಡುವ ಜಾಗದಲ್ಲಿ ನೆಲಕ್ಕೂ ಟಾರ್ಪಾಲಿಗೂ ನಡುವೆ ಮರದ ಹಲಗೆ ಇರಲಿ, ಗೋಡೆಗೆ ತಾಗದಿರಲಿ. ಸುರುಳಿ ಸುತ್ತಲಾಗದಿದ್ದರೆ ಪ್ರತಿ ಸಲ ಮಡಿಕೆಯ ಗೆರೆ ಬದಲಿಸಬೇಕು. ರಾಗಿ, ಮೆಕ್ಕೆಜೋಳದ ಕಾಳು ಮಡಿಕೆಯಲ್ಲಿ ಉಳಿದರೆ ಇಲಿ ಹುಡುಕಿಕೊಂಡು ಬರುತ್ತದೆ. ಹಳೆಯ ಬ್ಯಾಟರಿಯ ಪಕ್ಕದಲ್ಲಂತೂ ಇಡಲೇಬಾರದು, ಅದರ ಆಸಿಡ್ ತಗುಲಿದ ಹತ್ತಿ ಮುಟ್ಟಿದರೆ ಹರಿಯುತ್ತದೆ.

ತೂತು ಹುಡುಕಲು ಸುಲಭ ದಾರಿ ಇದೆ: ಮಟಮಟ ಮಧ್ಯಾಹ್ನ ಟಾರ್ಪಾಲನ್ನು ಎತ್ತರದಲ್ಲಿ ಕಟ್ಟಿ, ಕೆಳಗೆ ನಿಂತು ಮೇಲೆ ನೋಡುವುದು. ಬೆಳಕು ಇಣುಕಿದಲ್ಲಿ ಸೀಮೆಸುಣ್ಣದ ಗುರುತು ಹಾಕಿಕೊಂಡರಾಯಿತು. ಕ್ಯಾನ್ವಾಸಾದರೆ ದಬ್ಬಳ, ಹುರಿ ಹಿಡಿದು ತೇಪೆ ಹೊಲಿದು ಹೊಲಿಗೆಯ ಮೇಲೆ ಮೇಣ ಉಜ್ಜಬಹುದು, ಪಿ.ವಿ.ಸಿ.ಗೆ ಬಿಸಿಗಾಳಿಯ ಬೆಸುಗೆಯೇ ಬೇಕು. ಈ ಕೆಲಸಕ್ಕೆ ಮೇ ತಿಂಗಳು ಸರಿ. ಜೂನ್ ಮಳೆ ಹಿಡಿದ ಮೇಲೆ ತೇಪೆ ಹಾಕಿದರೂ ಒಣಗಿಸಲು ಬಿಸಿಲು ಸಿಗುವ ಖಾತ್ರಿಯಿಲ್ಲ.