14ರ ಹುಡುಗಿ ಕೊಟ್ಟ ಜವಾಬು

1984ರಲ್ಲಿ ನ್ಯೂಯಾರ್ಕಿನ ಹುಡುಗರ ಬಾಯಲ್ಲೆಲ್ಲ ‘ರಾಕ್ಸಾನ್, ರಾಕ್ಸಾನ್’ ಎಂಬ ರ‍್ಯಾಪ್ ಹಾಡು. ಹಾಡಿದ್ದು ಬ್ರೂಕ್ಲಿನ್‌ನ ಯುಟಿಎಫ್‌ಒ ತಂಡ. ರಾಕ್ಸಾನ್ ಎಂಬ ಹುಡುಗಿಯ ಹಿಂದೆ ಹುಡುಗರು ಒಬ್ಬೊಬ್ಬರಾಗಿ ಬೀಳುತ್ತಾರೆ, ತಮ್ಮ ದೊಡ್ಡಸ್ತಿಕೆ ಕೊಚ್ಚಿಕೊಳ್ಳುತ್ತಾರೆ. ಅವಳು ಸೊಪ್ಪು ಹಾಕುವುದಿಲ್ಲ. ಹಾಗಾಗಿ ಅವಳು ಜಂಬದವಳು!

ಇದಕ್ಕೆ ಜವಾಬು ಬಂದದ್ದು ಕ್ವೀನ್ಸ್‌ಬ್ರಿಜ್‌ನಿಂದ. 3,000ಕ್ಕೂ ಹೆಚ್ಚು ಮನೆಗಳಿರುವ ಸರ್ಕಾರಿ ವಸತಿ ಸಮುಚ್ಚಯ ಅದು. ಅಲ್ಲಿನ ಲೋಲಿಟಾ ಶಾಂಟೆ ಗುಡನ್‌ಗೆ ಆಗ 14 ವರ್ಷ. ನಿಂತ ನಿಲುವಿನಲ್ಲೇ ಪ್ರಾಸ ಕಟ್ಟಿ ಎದುರಾಳಿಯ ಬಾಯಿ ಮುಚ್ಚಿಸುವುದರಲ್ಲಿ ಆಗಲೇ ಪಳಗಿದ್ದಳು. ಅದೇ ಸಮುಚ್ಚಯದ ಫ್ಲ್ಯಾಟಿನಲ್ಲಿ ಮಾರ್ಲಿ ಮಾರ್ಲ್ ಎಂಬ ಡಿಜೆ ರೆಕಾರ್ಡಿಂಗ್ ಮಾಡುತ್ತಿದ್ದ. ಒಪ್ಪಿಕೊಂಡ ಕಾರ್ಯಕ್ರಮಕ್ಕೆ ಕೈಕೊಟ್ಟ ಯುಟಿಎಫ್‌ಒ ಮೇಲೆ ಅವನ ಬಳಗಕ್ಕೆ ಸಿಟ್ಟಿತ್ತು. ಶಾಂಟೆ ಬಟ್ಟೆ ಒಗೆಯಲು ಹೊರಟಿದ್ದವಳು, ಫ್ಲ್ಯಾಟಿಗೆ ಹೋಗಿ ಮೈಕಿನ ಮುಂದೆ ನಿಂತಳು. ಹುಡುಗರ ಹಾಡಿನ ತಾಳವನ್ನೇ ಹಾಕಿದರು. ಕೈಯಲ್ಲಿ ಬರೆದ ಚೀಟಿ ಇರಲಿಲ್ಲ. ರಾಕ್ಸಾನ್ ತಾನೇ ಎಂದುಕೊಂಡು ಒಂದೇ ಟೇಕಿನಲ್ಲಿ ಹಾಡಿ ಮುಗಿಸಿದಳು. ‘ರಾಕ್ಸಾನ್ಸ್ ರಿವೆಂಜ್’ ಹುಟ್ಟಿದ್ದು ಹಾಗೆ.

ದನಿ ಇನ್ನೂ ಶಾಲೆಗೆ ಹೋಗುವ ಹುಡುಗಿಯದೇ: ಚೂಪು, ತುಸು ಕೀರಲು. ಆದರೆ ಎಲ್ಲೂ ತಡವರಿಕೆ ಇಲ್ಲ. ತಂಡದ ಮೂವರನ್ನೂ ಸರದಿಯಂತೆ ನಿಲ್ಲಿಸಿ ನೀರಿಳಿಸುತ್ತಾಳೆ. ನಮ್ಮ ಉತ್ತರ ಕರ್ನಾಟಕದ ಗೀಗೀ ಮೇಳ ಕೇಳಿದವರಿಗೆ ಈ ವರಸೆ ಹೊಸದಲ್ಲ. ಹರದೇಶಿಯವರು ಗಂಡು ಹೆಚ್ಚೆಂದು ಹಾಡಿದರೆ ನಾಗೇಶಿಯವರು ಹೆಣ್ಣು ಹೆಚ್ಚೆಂದು ಮರುಸವಾಲು ಹಾಕುತ್ತಾರೆ. ಅಲ್ಲಿ ಹೆಣ್ಣಿನ ಪಕ್ಷಕ್ಕೊಂದು ಪಾಳಿ ಕಾದಿಟ್ಟೇ ಇರುತ್ತದೆ. ಶಾಂಟೆಗೆ ಆ ಅನುಕೂಲವಿರಲಿಲ್ಲ; ತನ್ನ ಪಾಳಿಯನ್ನು ತಾನೇ ತೆಗೆದುಕೊಂಡಳು.

ಆಮೇಲೆ ಜವಾಬಿಗೆ ಜವಾಬಿನ ಸುರಿಮಳೆ. ಯುಟಿಎಫ್‌ಒ ಕಡೆಯಿಂದಲೇ ‘ದಿ ರಿಯಲ್ ರಾಕ್ಸಾನ್’ ಬಂತು. ರಾಕ್ಸಾನಳ ಅಪ್ಪ ಅಮ್ಮ, ಅಣ್ಣ ತಮ್ಮಂದಿರ ಹೆಸರಲ್ಲೂ ಹಾಡುಗಳು ಹುಟ್ಟಿ, ಹತ್ತಾರು ರೆಕಾರ್ಡುಗಳ ಈ ಜಟಾಪಟಿಗೆ ‘ರಾಕ್ಸಾನ್ ವಾರ್ಸ್’ ಎಂದೇ ಹೆಸರಾಯಿತು.

1985ರ ನ್ಯೂ ಮ್ಯೂಸಿಕ್ ಸೆಮಿನಾರ್‌ನ ರ‍್ಯಾಪ್ ಸ್ಪರ್ಧೆಯಲ್ಲಿ ಶಾಂಟೆ ಗಂಡಸರನ್ನು ಮಣಿಸುತ್ತ ಕೊನೆಯ ಸುತ್ತಿನವರೆಗೂ ಬಂದು ಬಿಜಿ ಬೀ ಎದುರು ಸೋತಳು. ಹುಡುಗಿ ಎಂಬ ಕಾರಣಕ್ಕೇ ಗೆಲುವು ತಪ್ಪಿತು ಎಂದು ಶಾಂಟೆ ಮುಂದೆ ಹೇಳಿಕೊಂಡಿದ್ದಾರೆ. ಅವರ ಮೊದಲ ಆಲ್ಬಮ್ ‘ಬ್ಯಾಡ್ ಸಿಸ್ಟರ್’ ಹೊರಬಂದದ್ದು 1989ರಲ್ಲಿ. ಅಷ್ಟರಲ್ಲಿ ಇನ್ನೊಬ್ಬ ರ‍್ಯಾಪ್ ಗಾಯಕಿ ಎಂಸಿ ಲೈಟ್ 1988ರಲ್ಲೇ ಪೂರ್ಣ ಆಲ್ಬಮ್ ತಂದಾಗಿತ್ತು. ದಾರಿ ಕಡಿದವಳಿಗಿಂತ ಹಿಂದೆ ಬಂದವರಿಗೆ ಹೆಚ್ಚು ಹೆಸರು ಬಂತು. ಇದು ನನಗೆ ಇಂದಿಗೂ ಅನ್ಯಾಯವೆನಿಸುತ್ತದೆ.

2017ರಲ್ಲಿ ಅವರ ಬದುಕು ‘ರಾಕ್ಸಾನ್ ರಾಕ್ಸಾನ್’ ಎಂಬ ಸಿನಿಮಾ ಆಯಿತು. ಮನೆಯ ಬಡತನ, ಚಿಕ್ಕ ವಯಸ್ಸಿನಲ್ಲಿ ತಿಂದ ಪೆಟ್ಟುಗಳು ಅದರಲ್ಲಿವೆ. 2025ರಲ್ಲಿ ಗ್ರ್ಯಾಮಿ ಸಂಸ್ಥೆ ಜೀವಮಾನ ಸಾಧನೆ ಪ್ರಶಸ್ತಿ ಕೊಟ್ಟು ಗೌರವಿಸಿತು. ಜವಾಬು ಹಾಡಿ ನಲವತ್ತು ವರ್ಷವಾಗಿತ್ತು.

ಎರಡೂ ಹಾಡುಗಳು ಇಂದಿಗೂ ಸಿಗುತ್ತವೆ. ಮೊದಲು ಹುಡುಗರದನ್ನು ಕೇಳಿ, ಬೆನ್ನಿಗೇ ಶಾಂಟೆಯದನ್ನು ಕೇಳಿ. ರ‍್ಯಾಪ್ ಎಂದರೆ ಗಂಡಸರ ಗದ್ದಲ ಎಂದುಕೊಂಡಿರುವ ಮನೆಮಂದಿಗೂ ಕೇಳಿಸಿ.